ದಿಂಬಿನೊಳಗಿನ ಗಂಟು

ಹತ್ತಿಯಕ್ಕನನ್ನು ಗಂಡ ಬಿಟ್ಟವಳು ಎಂದು ಓಣಿ ಹೇಳುತ್ತಿತ್ತು. "ತಪ್ಪು. ಅವನನ್ನ ಬಿಟ್ಟಿದ್ದು ನಾನು" ಎಂದು ಅವಳು ತಿದ್ದುತ್ತಿದ್ದಳು. ಅವಳ ಮೇಲೆ ಓಣಿಗಿದ್ದ ಮೊದಲ ಸಿಟ್ಟು ಇದೇ ಇರಬೇಕು. ಪಾಪ ಅನ್ನಿಸಿಕೊಳ್ಳಲು ಒಪ್ಪದ ಹೆಂಗಸನ್ನು ಕಂಡರೆ, ಜನರಿಗೆ ತಮ್ಮ ಕರುಣೆಯನ್ನು ಎಲ್ಲಿ ಇಳಿಸಬೇಕೋ ತಿಳಿಯುವುದಿಲ್ಲ.

ಹಾಸಿಗೆ, ದಿಂಬು ಹೊಲಿಯುವುದು ಅವಳ ಕಸುಬು. ಅಂಗಡಿಯೆಂದರೆ ರಸ್ತೆಗೆ ಬಾಯಿ ತೆರೆದ ಒಂದೇ ಕೋಣೆ: ಮುಂದೆ ಹತ್ತಿಯ ಮೂಟೆ, ಹಿಂದೆ ಒಲೆ, ನಡುವೆ ಹಳೆಯ ಪರದೆ. ಹಗಲೆಲ್ಲ ಹತ್ತಿ ಹಿಂಜಿ ಅವಳ ಹುಬ್ಬು, ಕಿವಿಯ ಸುತ್ತಮುತ್ತ ಬಿಳಿ ಎಳೆಗಳು ಕೂತಿರುತ್ತಿದ್ದವು. "ನಮ್ಮಕ್ಕ ಬೆಳಿಗ್ಗೆ ಹುಡುಗಿ, ಸಂಜೆ ಮುದುಕಿ" ಎಂದು ತಮ್ಮ ನಗುತ್ತಿದ್ದ.

ಕಸುಬು ಅಮ್ಮನಿಂದ ಬಂದದ್ದು. ಅದರ ಜೊತೆಗೆ ಒಂದು ಕಟ್ಟುಪಾಡೂ ಬಂದಿತ್ತು: ಗಿರಾಕಿಯ ದಿಂಬಿನಲ್ಲಿ ಏನು ಸಿಕ್ಕರೂ ಗಿರಾಕಿಗೆ ತೋರಿಸಬಾರದು. ವರ್ಷಗಟ್ಟಲೆ ತಲೆಯಿಟ್ಟ ದಿಂಬಿನೊಳಗೆ ಉದುರಿದ ಕೂದಲು ಹೇಗೋ ನುಸುಳುತ್ತದೆ. ಎಣ್ಣೆ, ಬೆವರು, ಜೊಲ್ಲು ಸೇರಿ ಹತ್ತಿ ನೆಲ್ಲಿಕಾಯಿ ಗಾತ್ರದ ಗಂಟಾಗುತ್ತದೆ, ಕೂದಲು ಅದಕ್ಕೆ ದಾರ ಸುತ್ತಿದಂತೆ ಸುತ್ತಿಕೊಳ್ಳುತ್ತದೆ. "ಅದನ್ನ ತೋರಿಸಿದ್ರೆ ನಾಚಿಕೆ ಆಗುತ್ತೆ ಕಣೇ ಅವರಿಗೆ" ಎನ್ನುತ್ತಿದ್ದಳು ಅಮ್ಮ. ಹತ್ತಿಯಕ್ಕನೂ ಹಾಗೆಯೇ ನಡೆದುಕೊಂಡಳು. ಪರದೆಯ ಹಿಂದೆ ಕೂತು ಗಂಟುಗಳನ್ನು ಆರಿಸಿ ಒಲೆಗೆ ಹಾಕುವಳು, ದಿಂಬನ್ನು ಹೂವಿನಂತೆ ಮಾಡಿ ಕೊಡುವಳು. ಹಾಗಾಗಿ ತಮ್ಮ ತಲೆಯ ಕೆಳಗೆ ಏನಿದೆ ಎಂಬುದು ಆ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಹಡಿ ಮನೆಯಾಕೆ ಮೊಮ್ಮಗಳ ದಿಂಬನ್ನು ಹಿಡಿದುಕೊಂಡು ಬೀದಿಗಿಳಿದಳು.

"ನೋಡ್ರೋ! ನನ್ನ ಪುಟ್ಟಿ ದಿಂಬಲ್ಲಿ ಏನಿಟ್ಟಿದ್ದಾಳೆ ನೋಡ್ರೋ ಈ ಮಾಟಗಾತಿ!"

ಇನ್ನೂ ಮಾತು ಬಾರದ ಪುಟ್ಟಿ ಹಲವು ದಿನಗಳಿಂದ ದಿಂಬಿಗೆ ತಲೆಯಿಟ್ಟರೆ ಸಾಕು, ಕಿಟಾರನೆ ಕಿರುಚಿ ಎದ್ದು ಕೂರುತ್ತಿದ್ದಳು. ಎತ್ತಿಕೊಂಡರೆ ಸುಮ್ಮನೆ, ಮಲಗಿಸಿದರೆ ಮತ್ತೆ ಅದೇ. ಅವಳಪ್ಪನದೇ ಔಷಧಿ ಅಂಗಡಿ. ಇದ್ದಬದ್ದ ಸಿರಪ್ಪುಗಳನ್ನೆಲ್ಲ ಅವನೇ ಕುಡಿಸಿ ನೋಡಿದ್ದ. ಕೊನೆಗೆ ಅಜ್ಜಿ ದಿಂಬನ್ನೇ ಸೀಳಿದಳು. ಒಳಗಿತ್ತಲ್ಲ, ಕೂದಲು ಸುತ್ತಿದ ಗಂಟು! ದಿಂಬಿನ ಮೂಲೆಗೆ ಹತ್ತಿಯಕ್ಕನ ಹೊಲಿಗೆ ಬೇರೆ. ಮನೆಯ ಹಳೇ ದಿಂಬೇ ಮಗುವಿಗಾಯಿತು, ಹರಿದ ಮೂಲೆ ಹೊಲಿದರೆ ಸಾಕು, ಹತ್ತಿ ಹಿಂಜುವ ಖರ್ಚು ಬೇಡ ಎಂದು ಅಂದು ಹೇಳಿದ್ದವಳು ಇದೇ ಮಹಡಿ ಮನೆಯಾಕೆ. ಅದನ್ನು ಯಾರು ನೆನೆಸಿಕೊಳ್ಳುತ್ತಾರೆ?

ಓಣಿ ಅಂಗಡಿಯ ಮುಂದೆ ನೆರೆಯಿತು. ಅದರಲ್ಲಿ ಅರ್ಧ ಜನ ಅವಳು ಹೊಲಿದ ಹಾಸಿಗೆಯಿಂದಲೇ ಎದ್ದು ಬಂದವರು. ಆ ಕೋಣೆಯ ಯಜಮಾನರೂ ಬಂದರು. ದೊಡ್ಡ ಮನುಷ್ಯರ ಮೆತ್ತನೆ ದನಿ ಅವರದು.

"ನೋಡಮ್ಮ, ಜಗಳ ಬೇಡ. ಏನು ಮಾಡಿದ್ದೀಯೋ ಅದನ್ನ ತೆಗೆದುಬಿಡು. ತೆಗೆದೆ ಅಂತ ಎಲ್ಲರ ಮುಂದೆ ಒಂದು ಮಾತು ಹೇಳು, ಸಾಕು. ಇಲ್ಲ ಅಂದ್ರೆ ಕೋಣೆ ಖಾಲಿ ಮಾಡಬೇಕಾಗುತ್ತೆ."

ತಮ್ಮ ಅವಳ ಕಿವಿಯ ಬಳಿ ಬಗ್ಗಿದ. "ಅಕ್ಕಾ, ಹೇಳಿಬಿಡು. ಒಂದು ಮಾತು ತಾನೇ? ಗಂಟೇನು ಹೋಗುತ್ತೆ ನಿಂದು?"

"ತೆಗೆದೆ ಅಂದ್ರೆ ಇಟ್ಟಿದ್ದು ನಾನೇ ಅಂತ ಆಗ್ಲಿಲ್ವೇನೋ ದಡ್ಡ?"

ಈ ಬಲೆ ನಿನ್ನೆ ಮೊನ್ನೆ ಹೆಣೆದದ್ದಲ್ಲ. ಹಾಲು ಒಡೆದರೆ, ಹಸು ಸತ್ತರೆ, ಮಗು ನರಳಿದರೆ ಒಂಟಿ ಹೆಂಗಸಿನ ಬಾಗಿಲು ಬಡಿಯುವ ಚಾಳಿ ಎಷ್ಟೋ ದೇಶಗಳಲ್ಲಿ ಎಷ್ಟೋ ಕಾಲ ನಡೆದಿದೆ. ಬಡಿದವರೆಲ್ಲ ಇಷ್ಟೇ ಮೆತ್ತಗೆ ಹೇಳಿದ್ದಾರೆ: ಒಪ್ಪಿಕೋ, ಬಿಟ್ಟುಬಿಡುತ್ತೇವೆ. ಒಪ್ಪದಿದ್ದರೆ ಮೊಂಡಿ, ಒಪ್ಪಿದರೆ ಮಾಟಗಾತಿ. ಬಾಗಿಲು ಎರಡು, ಬಾವಿ ಒಂದೇ. ಅಳುವ ಮಗುವಿಗಿಂತ ಬೈಯಲು ಸಿಕ್ಕ ಹೆಂಗಸೇ ಇಂಥ ಗುಂಪಿಗೆ ಮುಖ್ಯವಾಗುತ್ತಾಳೆ.

ಇದ್ಯಾವುದನ್ನೂ ಹತ್ತಿಯಕ್ಕ ಓದಿದವಳಲ್ಲ. ಅವಳ ಕಣ್ಣಿದ್ದದ್ದು ನೆಲದ ಮೇಲೆ ಬಿದ್ದ ಗಂಟಿನ ಮೇಲೆ. ಇಡೀ ಓಣಿಯ ಮಾನವನ್ನು ಒಲೆಗೆ ಹಾಕಿ ಹಾಕಿ ಕಾಪಾಡಿದ ಕೈ ಅವಳದು. ಅಮ್ಮ ಹೇಳಿಕೊಟ್ಟ ಮರ್ಯಾದೆ ಗಿರಾಕಿಗಳ ಪಾಲಿಗಾಯಿತು, ದಂಡ ಮಾತ್ರ ಮಗಳಿಗೆ. ಸಾಕಮ್ಮಾ, ಎಂದುಕೊಂಡಳು.

ಒಳಗಿಂದ ದೊಡ್ಡ ಕತ್ತರಿ ತಂದಳು. ಗುಂಪು ದಡಬಡನೆ ಹಿಂದೆ ಸರಿಯಿತು. ಅವಳು ಅದನ್ನು ಯಜಮಾನರ ಕೈಗೆ ಕೊಟ್ಟು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನನ್ನ ಕೈ ಸೋಕದ ದಿಂಬು ಒಂದು ತನ್ನಿ. ನೀವೇ ಬಿಚ್ಚಿ. ಗಂಟಿಲ್ಲದಿದ್ರೆ ಈಗಲೇ ಮೂಟೆ ಕಟ್ತೀನಿ. ಇದ್ರೆ?"

ತಮ್ಮ ತಮ್ಮ ದಿಂಬು ನೆನಪಾಗಿ ಕೆಲವರು ಕತ್ತು ಕೆರೆದುಕೊಂಡರು. ಆಗ ಎದುರು ಮನೆಯ ಕಿಟಕಿಯಿಂದ ಯಜಮಾನರ ತಾಯಿ ಇಣುಕಿದಳು. ಅಜ್ಜಿಗೆ ಕಿವಿ ಮಂದ.

"ಏನಂತೋ ಗಲಾಟೆ?"

"ದಿಂಬಲ್ಲಿ ಗಂಟಂತೆ!" ಯಾರೋ ಕೂಗಿದರು.

"ಗಂಟಿಲ್ಲದ ದಿಂಬು ಯಾವುದೋ? ನಂದರಲ್ಲಿ ಜಲ್ಲಿಕಲ್ಲು ತುಂಬಿದ ಹಾಗಿದೆ. ಬಾಯಿ ಬಡ್ಕೊಂಡೆ, ಯಾರು ಕೇಳಿದ್ರಿ?" ಎನ್ನುತ್ತ ಅಜ್ಜಿ ದಿಂಬನ್ನು ಕೆಳಗೆ ಎಸೆದೇಬಿಟ್ಟಳು.

"ಅಮ್ಮಾ, ಒಳಗೆ ಹೋಗು!"

"ನೀನು ಮೊದಲು ಬಿಚ್ಚೋ!"

ಮಗ ಬೆವರುತ್ತ ದಿಂಬು ಕತ್ತರಿಸಿದ. ಒಂದಲ್ಲ, ಎರಡಲ್ಲ, ಬೊಗಸೆ ತುಂಬ ಗಂಟುಗಳು ಉರುಳಿದವು.

"ಅದೂ ಇವಳದ್ದೇ ಕೈವಾಡ!" ಮಹಡಿ ಮನೆಯಾಕೆ ಬಿಟ್ಟುಕೊಡಲಿಲ್ಲ.

ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದಳು. "ನನ್ನ ಮದುವೇಲಿ ನಮ್ಮಪ್ಪ ಕೊಟ್ಟ ದಿಂಬು ಕಣೇ ಇದು, ಒಂದು ಸಲಾನೂ ಬಿಚ್ಚಿಲ್ಲ. ಆಗ ಇವಳಿರಲಿ, ಇವಳಮ್ಮನೂ ಹುಟ್ಟಿರಲಿಲ್ಲ." ಒಂದು ಗಂಟನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದಳು. ಎಳೆ ಎಳೆಯಾಗಿ ಉದ್ದನೆಯ ಕರಿ ಕೂದಲು. ಅವಳ ಬೊಚ್ಚುಬಾಯಿ ಅಗಲವಾಯಿತು. "ನನ್ನ ಕೂದಲು! ಎಷ್ಟು ಕಪ್ಪಗಿತ್ತು ನೋಡ್ರೇ!"

ಗುಂಪಿನಲ್ಲಿದ್ದ ಲಾರಿ ಡ್ರೈವರ್ ಒಬ್ಬ ಮೊದಲು ನಕ್ಕ. ಆಮೇಲೆ ಓಡಿಹೋಗಿ ತನ್ನ ದಿಂಬು ತಂದ. ಅವನ ಹಿಂದೆ ಇನ್ನೊಬ್ಬ. ಸ್ವಲ್ಪ ಹೊತ್ತಿನಲ್ಲಿ ಓಣಿ ತುಂಬ ಹತ್ತಿ ಹಾರಾಡಿತು. ಡ್ರೈವರನ ದಿಂಬಿನಲ್ಲಿ ಅವನಮ್ಮ ನುಂಗದೆ ಬಚ್ಚಿಟ್ಟಿದ್ದ ಮಾತ್ರೆಗಳೂ ಸಿಕ್ಕವು.

ಹತ್ತಿಯಕ್ಕ ನಗಲಿಲ್ಲ. ಮಹಡಿ ಮನೆಯ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದಳು. "ಡಾಕ್ಟರಿಗೆ ತೋರಿಸಿದ್ರಾ ತಾಯಿ?" ಎಂದು ಹತ್ತಿಯಕ್ಕ ಅವಳನ್ನು ಕೇಳಿದಳು. ಸೊಸೆ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, ಬಂದ ಆಟೋ ಹತ್ತಿ ಆಸ್ಪತ್ರೆಗೆ ಹೋದಳು. ಪುಟ್ಟಿಯ ಕಿವಿಯೊಳಗೆ ಕೀವು ತುಂಬಿತ್ತು. ಮಲಗಿದರೆ ನೋವು ಹೆಚ್ಚುತ್ತಿತ್ತು, ಅಷ್ಟೇ.

ಕೋಣೆ ಖಾಲಿ ಮಾಡುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ಹತ್ತಿಯಕ್ಕ ಪರದೆಯನ್ನು ಕಿತ್ತು ನೆಲ ಒರೆಸುವ ಬಟ್ಟೆ ಮಾಡಿಕೊಂಡಳು. ಈಗ ಯಾರ ದಿಂಬಾದರೂ ಅವರ ಕಣ್ಣೆದುರೇ ಬಿಚ್ಚುತ್ತಾಳೆ. ನಾಚಿಕೆಯಾದವರು ಪಕ್ಕದ ಬೀದಿಗೆ ಹೋಗಬಹುದು.

ಮಹಡಿ ಮನೆಯಾಕೆ ಒಂದು ಮಧ್ಯಾಹ್ನ, ಓಣಿ ಮಲಗಿದ ಹೊತ್ತಿನಲ್ಲಿ, ಸೀಳಿದ ದಿಂಬು ತಂದಳು. "ತಪ್ಪಾಯ್ತು ಕಣಮ್ಮ. ಹೊಲಿದುಕೊಡು" ಎಂದು ಪಿಸುಗುಟ್ಟಿದಳು.

"ಮಾಟಗಾತಿ ಅಂದಿದ್ದು ಬೀದಿಯಲ್ಲಿ ನಿಂತು. ಇದನ್ನೂ ಅಲ್ಲೇ ನಿಂತು ಹೇಳಿ. ಅಷ್ಟೇ ಜೋರಾಗಿ."

"ನನ್ನ ವಯಸ್ಸು ನೋಡಾದ್ರೂ..."

"ದನಿಗೆ ವಯಸ್ಸಾಗಿಲ್ಲ, ಅವತ್ತು ಕೇಳಿದೀನಿ."

ಆಕೆ ಮೂತಿ ತಿರುವಿಕೊಂಡು ಹೋದಳು. ದಿಂಬು ಅಲ್ಲೇ ಉಳಿಯಿತು. ಹತ್ತಿಯಕ್ಕ ಅದನ್ನು ಅಂಗಡಿಯ ಮುಂದಿನ ಮೊಳೆಗೆ, ರಸ್ತೆಗೆ ಕಾಣುವಂತೆ ನೇತುಹಾಕಿದಳು.

ಪುಟ್ಟಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಹೋಗುವಾಗ ಆ ದಿಂಬಿನ ಮುಂದೆ ನಿಲ್ಲುತ್ತಾಳೆ. "ನನ್ನ ದಿಂಬು ಯಾವಾಗ ಕೊಡ್ತೀರಿ?"

"ನಿಮ್ಮಜ್ಜೀನ ಕೇಳು ಪುಟ್ಟೀ. ಜೋರಾಗಿ ಕೇಳು, ಇಡೀ ಬೀದಿಗೆ ಕೇಳಿಸಬೇಕು."