ಮಗ್ಗದ ಸಪ್ಪಳ ಅಳೆದ ದಿನ

ದೋಸ್ತ್ರ, ಇವತ್ತ ಇಚಲಕರಂಜಿಯೊಳಗ ನಮ್ಮ ಹೊಸಾ ಮಗ್ಗದ ಶೆಡ್ ನೋಡಾಕ ಸಾಹೇಬ್ರು ಸಪ್ಪಳ ಅಳಿಯೋ ಮೀಟರ್ ಹಿಡಕೊಂಡು ಬಂದಿದ್ರು. ಸುತ್ತಲೂ ಮನಿ ಅದಾವು, ಸಪ್ಪಳ ಮಿತಿ ದಾಟಿದ್ರ ಪರವಾನಗಿ ಇಲ್ಲ. ಮಗ್ಗ ಎಲ್ಲಾ ಚಾಲೂ ಮಾಡಿ, ಶೆಡ್ಡಿನ ಬಾಗಲಾ ಹಾಕಿ, ಅಂಗಳದಾಗ ಉಸುರು ಹಿಡಕೊಂಡು ನಿಂತೆ. ಮೀಟರ್ ಮಿತಿಯೊಳಗ ಇತ್ತು.

ಅಷ್ಟರಾಗ, ಜನ್ಮವೆಲ್ಲಾ ಮಗ್ಗದ ಮಗ್ಗಲಿಗೇ ನಿಂತು ಮಾತಾಡಿದ ನಮ್ಮವ್ವ ಅಡಗಿ ಮನಿಯಿಂದ ಕೂಗಿದ್ಲು, "ಸಾಹೇಬ್ರ ಚಹಾಕ್ಕ ಸಕ್ಕರಿ ಹಾಕ್ಲೇನೋ?"

ಮೀಟರ್ ಮಿತಿ ದಾಟಿತು!

ಸಾಹೇಬ್ರು ಬೆಚ್ಚಿಬಿದ್ದು, "ಆಯೀ, ಜರಾ ಹಳೂ ಬೋಲಾ ಕೀ!" ಅಂತ ಮರಾಠಿಯೊಳಗ ಮೆಲ್ಲಕ ಮಾತಾಡಾಕ ಹೇಳಿದ್ರು.

ಅವ್ವ ಇನ್ನೂ ಜೋರಲೆ, "ಹಳೂನ ಮಾತಾಡಾಕತ್ತೇನ್ರೀ!"

ಸಾಹೇಬ್ರು ಬಿದ್ದು ಬಿದ್ದು ನಕ್ಕು, ಅವ್ವನ ಕೈಯಾಗ ಬಿಸ್ಕೀಟು ಕೊಟ್ಟು ಬಾಯಿ ಸುಮ್ಮನಿರಿಸಿ, ಮತ್ತೊಮ್ಮೆ ಅಳದ್ರು. ಮಗ್ಗಕ್ಕ ಪರವಾನಗಿ ಸಿಕ್ತು.

ಅವ್ವಗ ನಾವಿನ್ನೂ ಅರ್ಜಿ ಹಾಕಿಲ್ರಿ.