ಯಾರನ್ನೂ ನಂಬದ ಫಕೀರಣ್ಣ

ಫಕೀರಣ್ಣ ದಿನಾ ಸಂಜೆ ತನ್ನ ಕೈತೋಟಕ್ಕೆ ನೀರು ಹಾಯುವ ಬಾಯಿಗೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಂದು, ಆ ಗುರುತು ಹಾಗೇ ಇದೆಯೇ ಎಂದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ನಮ್ಮದು ಅಕ್ಕಪಕ್ಕದ ಕ್ವಾರ್ಟರ್ಸು. ನಾನು ಆಫೀಸಿನಲ್ಲಿ ಗುಮಾಸ್ತ, ಅವನು ಕಾಲುವೆಯ ಗೇಟು ಕಾಯುವವನು. ಯಾರಾದರೂ ಕದ್ದು ಗೇಟು ಎತ್ತಿದರೆ ಗೊತ್ತಾಗಲೆಂದು ಅಲ್ಲಿ ಮಾಡುತ್ತಿದ್ದ ಉಪಾಯವನ್ನೇ ನಾಲ್ಕು ಮಡಿ ಮೆಂತ್ಯಕ್ಕೂ ತಂದಿದ್ದ.

ಒಮ್ಮೆ ಗುರುತು ಅಳಿಸಿತ್ತು. ಸೀದಾ ನಮ್ಮ ಮನೆಗೆ ಬಂದು, "ತಮ್ಮಾ, ನಿನ್ನ ಹೆಬ್ಬೆಟ್ಟು ತೋರಸು" ಎಂದ. ತೋರಿಸಿದೆ. ಆದರೂ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಮುಂಗುಸಿಯೊಂದು ಅಲ್ಲೇ ಮಣ್ಣು ಕೆದಕುವುದನ್ನು ಕಣ್ಣಾರೆ ಕಂಡು, ಒಂದು ಹಿಡಿ ಹಕ್ಕರಕಿ ಸೊಪ್ಪು ತಂದುಕೊಟ್ಟ. "ಇವತ್ತಿಂದು ಮುಂಗುಸಿ. ಮೊನ್ನಿದು ಯಾರಂತ ಇನ್ನೂ ಪಕ್ಕಾ ಆಗಿಲ್ಲ" ಎಂದು ಹೋದ.

ಹೋದ ವರ್ಷ ದಸರೆ ಮುಗಿದು ಬಿಸಿಲು ಮೆತ್ತಗಾದಾಗ ಅವನು ಡ್ಯೂಟಿ ಬಿಟ್ಟರೆ ತೋಟದಲ್ಲೇ ಇರತೊಡಗಿದ. ಅವನೇ ಸಾಕಿ ಓದಿಸಿದ ತಂಗಿ ನೀಲಾ ಪರದೇಶದ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಯುದ್ಧ ಶುರುವಾಗಿತ್ತು. ಟಿವಿ ಹಾಕಿದರೆ ಬರೀ ಹೊಗೆ, ಉರುಳಿದ ಕಟ್ಟಡ. ಅವನು ಟಿವಿಗೆ ಟವೆಲ್ ಹೊದಿಸಿ ಬಂದು ಶಾವಂತಿಗೆ ಸಸಿ ನೆಡುತ್ತ ಕೂತ.

"ಟಿವ್ಯಾಗಿನವರು ನಿನ್ನಿ ಹೊಗೀನ ಇವತ್ತೂ ತೋರಸ್ತಾರ, ನಾ ನಂಬಂಗಿಲ್ಲ. ಕೆಟ್ಟ ಸುದ್ದಿ ಖರೇನ ಇದ್ದರ ಇಲ್ಲೇ ಬಂದು ಹೇಳು. ಮನ್ಯಾಗ ಬ್ಯಾಡ. ಇಲ್ಲಿ ಕೈಗೆ ಕೆಲಸ ಇರತೈತಿ" ಎಂದ ನನಗೆ.

ಅವನದು ಗುಂಡಿಯ ಹಳೇ ಫೋನಾದ್ದರಿಂದ ನೀಲಾ ಇಂಟರ್ನೆಟ್ಟಿನಲ್ಲಿ ನನ್ನ ಫೋನಿಗೇ ಮಾಡುತ್ತಿದ್ದಳು. ಒಂದು ಮಧ್ಯಾಹ್ನ, "ಅಣ್ಣಾರ, ನಮ್ಮ ಆಸ್ಪತ್ರಿ ಬಾಜೂಕ ಬಾಂಬ್ ಬಿದ್ದೈತ್ರಿ. ನಾ ಆರಾಮ ಅದೀನಿ. ನಮ್ಮಣ್ಣಗ ಮಾತ್ರ ಹೇಳಬ್ಯಾಡ್ರಿ" ಎಂದಳು. ನಾನು ಮುಖ ಸರಿಮಾಡಿಕೊಂಡು ತೋಟಕ್ಕೆ ಹೋಗಿ, "ಮೆಂತ್ಯ ಭಾಳ ಛಲೋ ಎದ್ದೈತಲ್ಲ ಫಕೀರಣ್ಣ" ಎಂದೆ.

ಅವನ ಕೈ ನಿಂತಿತು. "ಆರು ವರ್ಷದಾಗ ನನ್ನ ತೋಟಾನ ಒಮ್ಮೆನೂ ಹೊಗಳಿದಾಂವಲ್ಲ ನೀ. ಏನಾಗೈತಿ ಹೇಳು."

ಹೇಳಿದೆ. ಕೇಳುತ್ತಲೇ ಎರಡು ಸಸಿ ನೆಟ್ಟ. ಮೂರನೆಯದು ಕೈಯಲ್ಲೇ ಮುರಿಯಿತು. "ಅಕಿನ ಮಾತಾಡಿದ್ಲಾ? ಅಕಿ ದನೀನ ಹೌದಾ?" ಎಂದು ಮೂರು ಸಲ ಕೇಳಿದ. ಆಮೇಲೆ, "ನನಗೇನೂ ಗೊತ್ತಿಲ್ಲ ಅಂತನ ಅಕಿಗೆ ಹೇಳು" ಎಂದ.

ವಾರದೊಳಗೆ ಅದೇ ಮಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದು ಕೂತ. ಆಸ್ಪತ್ರೆಗೆ ನಡಿ ಎಂದು ಎಷ್ಟು ಅಂಗಲಾಚಿದರೂ ಕೇಳಲಿಲ್ಲ. "ಡಾಕ್ಟರು ಇಲ್ಲದ ರೋಗ ಹುಡುಕತಾರ. ನೀಲಾಗ ಹೇಳಬ್ಯಾಡ. ಅಲ್ಲಿ ರಸ್ತೆದಾಗ ಗುಂಡು ಹಾರ್ಯಾಡತಾವ, ಅಣ್ಣಗ ಆರಾಮಿಲ್ಲ ಅಂದ್ರ ಅಕಿ ಹೊಂಟ ಬಿಡತಾಳ. ಆಣಿ ಮಾಡು." ಮಾಡಿದೆ. ಯಾರನ್ನೂ ನಂಬದವನು ನನ್ನನ್ನು ನಂಬಿದನಲ್ಲ ಎಂದು ಒಳಗೊಳಗೇ ಹೆಮ್ಮೆಯನ್ನೂ ಪಟ್ಟೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ದೀಪಾವಳಿ ಪಾಡ್ಯದ ಬೆಳಿಗ್ಗೆ ಫಕೀರಣ್ಣ ತೋಟಕ್ಕೆ ಬರಲಿಲ್ಲ. ಬಾಗಿಲು ತಳ್ಳಿ ಮೊದಲು ನೋಡಿದವನು ನಾನೇ. ಮೈ ಆಗಲೇ ತಣ್ಣಗಾಗಿತ್ತು.

ಯುದ್ಧದಿಂದ ನಿಂತಿದ್ದ ವಿಮಾನಗಳು ಮತ್ತೆ ಹಾರತೊಡಗಿದ ಮೇಲೆ, ಅವನು ಹೋದ ಒಂಬತ್ತನೇ ದಿನಕ್ಕೆ ನೀಲಾ ಬಂದಳು. ಅತ್ತು ಸಾಕಾಗಿ, ಶಾವಂತಿಗೆಯ ನಡುವೆ ಕೂತು ಕಳೆ ಕೀಳತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ.

"ಎದಿ ಬ್ಯಾನಿ ಬಂದವರನ್ನ ನಾ ದಿನಾ ನೋಡತೀನ್ರಿ ಅಣ್ಣಾರ. ಒಂದು ಮಾತು ಗೊತ್ತಾಗಿದ್ರ ಫೋನಿನ್ಯಾಗ ಬೈದು ಗುಳಿಗಿ ನುಂಗಸ್ತಿದ್ದೆ. ನನ್ನ ಮಾತು ಮೀರತಿದ್ದಿಲ್ಲ ಅಂವ. ಮೊದಲ ಏನರ ನೋವು ಅಂದಿದ್ನೇನ್ರಿ?"

"ಇಲ್ಲವ್ವಾ, ಏನೂ ಅಂದಿದ್ದಿಲ್ಲ" ಎಂದೆ.

ಅವಳು ಕತ್ತೆತ್ತಿ ನನ್ನ ಮುಖವನ್ನೂ ನೋಡಲಿಲ್ಲ. ನಂಬಿಬಿಟ್ಟಳು.