ಮಿಲ್ಟ್ರಿ ದೊಡ್ಡವ್ವನ ಎರಡು ಹನಿ

ಕಳೆದ ಸೋಮವಾರ ನಮ್ಮ ಕಾಲೇಜಿನ ಕಾರಿಡಾರ್ ಒರೆಸುವ ಆಂಟಿ ಬಕೆಟ್ಟಿಗೆ ಫಿನಾಯಿಲ್ ಸುರಿದರು. ಬಾಟಲಿಯ ಮೇಲೆ ಹಸಿರು ಪೈನ್ ಮರದ ಚಿತ್ರವಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲಬುರ್ಗಾದ ಅರ್ಧ ಊರಿಗೆ ಕೇಳುವಂತೆ ಮಾತನಾಡುವ ನಾನು ಮಾತಿನ ನಡುವೆಯೇ ನಿಂತುಬಿಟ್ಟೆ. ಗೆಳತಿಯರು ಗಾಬರಿಯಾದರು. ನಾನು ಒಂದು ವಾಕ್ಯವನ್ನು ಪೂರ್ತಿ ಮಾಡದೆ ಬಿಟ್ಟದ್ದನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಒಬ್ಬಳಂತೂ ನೀರು ತರಲು ಓಡಿದಳು. ನನಗೆ ನಮ್ಮ ಮಿಲ್ಟ್ರಿ ದೊಡ್ಡವ್ವ ನೆನಪಾಗಿದ್ದಳು…

ದೊಡ್ಡವ್ವ ನಮಗೆ ಸಂಬಂಧಿಕಳಲ್ಲ. ಪಕ್ಕದ ಮನೆಯವಳು. ಗಂಡ ಸೈನ್ಯದಲ್ಲಿದ್ದು, ಪೆನ್ಶನ್ ಆಗಿ ಊರಿಗೆ ಬಂದು ಮೂರು ವರ್ಷಕ್ಕೆ ತೀರಿಹೋಗಿದ್ದ. ಆತನ ಹಸಿರು ಸ್ವೆಟರನ್ನು ಇಳಕಲ್ ಸೀರೆಯ ಮೇಲೆ ಹಾಕಿಕೊಂಡು, ಕಾಲಿಗೆ ಆತನದೇ ಉಣ್ಣೆಯ ಸಾಕ್ಸು ಏರಿಸಿ, ಅದರ ಮೇಲೆ ಹವಾಯಿ ಚಪ್ಪಲಿ ತುರುಕಿಕೊಂಡು ಆಕೆ ಓಣಿಯಲ್ಲಿ ಬಂದರೆ, ಬೊಗಳಬೇಕೋ ಸೆಲ್ಯೂಟ್ ಹೊಡೆಯಬೇಕೋ ತಿಳಿಯದೆ ನಾಯಿಗಳು ಕುಳಿತುಬಿಡುತ್ತಿದ್ದವು. ಆಕೆ "ಯಾರವ್ರು?" ಎಂದು ಕೂಗಿದರೆ ಕುಷ್ಟಗಿ ಬಸ್ಸು ಸ್ಟಾಪ್ ಇಲ್ಲದಲ್ಲೂ ನಿಲ್ಲುತ್ತಿತ್ತು. ಇದರಲ್ಲಿ ಸ್ವಲ್ಪ ನಾನು ಸೇರಿಸಿದ್ದು ಇರಬಹುದು. ಬಹಳ ಇಲ್ಲ.

ಆಗ ನಾನು ಏಳನೆಯ ತರಗತಿ. ದೀಪಾವಳಿ ಮುಗಿದು ಮುಂಜಾನೆಯ ಗಾಳಿ ತಣ್ಣಗಾದರೆ ಸಾಕು, ನಮ್ಮ ಅವ್ವ ಪ್ರತಿವರ್ಷ ಸ್ವಲ್ಪ ಸ್ವಲ್ಪವೇ ಮಂಕಾಗುತ್ತಿದ್ದಳು. ಮೊದಲು ನಗು ಕಡಿಮೆಯಾಗುತ್ತಿತ್ತು, ಆಮೇಲೆ ಮಾತು, ಆಮೇಲೆ ತಲೆ ಬಾಚಿಕೊಳ್ಳುವುದು. ಆ ವರ್ಷ ಒಲೆಯ ಮುಂದೆ ಕೂರುವುದನ್ನೂ ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳುತ್ತಲೇ ಇರಲಿಲ್ಲ. ಏನಾಯಿತೆಂದು ಎಲ್ಲರೂ ಕೇಳುತ್ತಿದ್ದರು. "ಏನೂ ಆಗಿಲ್ಲ" ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು, ಆದ್ದರಿಂದಲೇ ಯಾರೂ ನಂಬಲಿಲ್ಲ. ಅಜ್ಜಿ ಆಕೆಯನ್ನು ಹುಲಿಗಿಯ ದೇವಿಯ ಗುಡಿಗೆ ಕರೆದುಕೊಂಡು ಹೋಗಿ ಹರಕೆ ಹೊತ್ತಳು, ಯಾರ್ಯಾರ ಹತ್ತಿರವೋ ದಾರ ಕಟ್ಟಿಸಿದಳು. ಅವ್ವನ ಮುಂಗೈಯಲ್ಲಿದ್ದ ದಾರ ಬಿಚ್ಚಿದ್ದರೆ ಒಂದು ಕೌದಿ ಹೊಲಿಯಬಹುದಿತ್ತು.

ರೊಟ್ಟಿ ಬಡಿಯುವ ಕೆಲಸ ನನ್ನ ತಲೆಗೆ ಬಂತು. ನನ್ನ ರೊಟ್ಟಿ ಕೊಪ್ಪಳ ಜಿಲ್ಲೆಯ ನಕಾಶೆಯಂತೆ ಇರುತ್ತಿತ್ತು. ಗಂಗಾವತಿ ಸುಟ್ಟಿರುತ್ತಿತ್ತು, ಕುಷ್ಟಗಿ ಬೆಂದಿರುತ್ತಿರಲಿಲ್ಲ. ಅಪ್ಪ ಒಂದು ಮಾತೂ ಆಡದೆ ತಿನ್ನುತ್ತಿದ್ದ. ಅಜ್ಜಿ ಮಾತ್ರ ಒಂದು ಸಂಜೆ ಮಾತಾಡಿದಳು.

"ಎಳ್ಳಮಾಸಿ ತನಕ ನೋಡೂಣು. ಚರಗದ ಬುಟ್ಟಿ ಹೊತಗೊಂಡು ಹೊಲಕ್ಕ ಬಂದ್ಲಂದ್ರ ಬಂದ್ಲು. ಇಲ್ಲಂದ್ರ ತವರಿಗಿ ಬಿಟ್ಟ ಬಾ. ಅವರ ಮಗಳನ್ನ ಅವರ ನೋಡಕೊಳ್ಳಲಿ."

ಎಳ್ಳು ಅಮಾವಾಸ್ಯೆಯಂದು ಮನೆಯ ಹೆಂಗಸರು ಅಡುಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಬೆಳೆಗೆ ಎಡೆ ಚೆಲ್ಲಿ ಬರುತ್ತಾರೆ. ಅದೇ ಚರಗ. ಅದಕ್ಕೆ ಉಳಿದದ್ದು ಹದಿನಾರು ದಿನ. ಅವ್ವನ ತವರು ಗಂಗಾವತಿ ಕಡೆಯ ಕಾಲುವೆಯ ಊರು. ಅಲ್ಲಿಗೆ ಹೋದರೆ ಅವ್ವ ಯಾವಾಗ ತಿರುಗಿ ಬರುತ್ತಾಳೆ ಎಂದು ಅಜ್ಜಿ ಹೇಳಲಿಲ್ಲ, ಅಪ್ಪ ಕೇಳಲೂ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ನಾನು ಅಲ್ಲಿಂದಲೇ ಓಡಿದೆ. ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದೆ, ಒಂದು ಮಾತೂ ಹೆಚ್ಚು ಸೇರಿಸದೆ. ಅವತ್ತಿನ ಮಟ್ಟಿಗೆ ಅದು ನನ್ನ ದಾಖಲೆ.

ಮರುದಿನ ಬೆಳಿಗ್ಗೆ ದೊಡ್ಡವ್ವ ಹಿತ್ತಾಳೆಯ ಬೋಗುಣಿ ಮತ್ತು ಹೆಬ್ಬೆರಳಿನಷ್ಟು ಉದ್ದದ ಕಂದು ಬಾಟಲಿ ಹಿಡಿದು ಬಂದಳು.

"ಏನವಾ ಅದು, ಕುಡಸತೀಯೇನು?" ಎಂದಳು ಅಜ್ಜಿ.

"ಕುಡಿಯೂದಲ್ರಿ ಅತ್ತಿ, ಕುಡದ್ರ ವಿಷ. ಪೈನ್ ಗಿಡದ ಎಣ್ಣಿ ಇದು. ಮೂಗಿಗಷ್ಟ."

"ಮೂಗಿಗಿ ಏನಾಗೈತಿ? ನೆಗಡಿ ಇಲ್ಲಲ್ಲ ಆಕಿಗಿ."

"ನೆಗಡಿ ಮನಸಿಗಿ ಆಗೈತ್ರಿ."

ಬಿಸಿನೀರಿಗೆ ಎರಡೇ ಹನಿ ಬಿಟ್ಟಳು. ನಮ್ಮ ನಡುಮನೆಯಲ್ಲಿ ಅಲ್ಲಿಯವರೆಗೆ ಒಗ್ಗರಣೆ, ಎಮ್ಮೆ ಮತ್ತು ಅಪ್ಪನ ಅಂಗಿಯ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಆ ಹೊತ್ತು ಯಾವುದೋ ದೊಡ್ಡ ಕಾಡು ಬಾಗಿಲು ತಟ್ಟದೆ ಒಳಗೆ ಬಂದು ಕುಳಿತಂತಾಯಿತು. ಬೋಗುಣಿಯನ್ನು ಅವ್ವನ ತಲೆದಿಂಬಿನಿಂದ ಒಂದು ಮೊಳ ದೂರ ಇಟ್ಟು, ಗೋಡೆಗೆ ಮುಖ ಮಾಡಿದ್ದ ಆ ಬೆನ್ನಿನ ಜೊತೆ ದೊಡ್ಡವ್ವ ಮಾತಿಗಿಳಿದಳು.

"ಅವರ ಸಂಗಟ ಪಹಾಡಕ್ಕ ಹೋದ ಮೊದಲನೇ ವರ್ಷ, ಹನ್ನೆರಡ ದಿನ ಸೂರ್ಯನ ಮಾರಿನ ನೋಡಲಿಲ್ಲ ತಂಗಿ. ಯಾಕ ಅಳಾಕತ್ತೀನಿ ಅಂತ ನನಗ ಗೊತ್ತಿಲ್ಲ. ಬಾಜೂ ಮನಿ ಮುದುಕಿ ಈ ಎಣ್ಣಿ ತಂದಿಟ್ಲು, ಹೂವಿನ ನೀರು ಮಾಡಿ ಕೊಟ್ಲು. ಯಾಕ ಅಳತಿ ಅಂತ ಒಮ್ಮೆನೂ ಕೇಳಲಿಲ್ಲ ನೋಡು ಆಕಿ. ನಾನೂ ನಿನಗ ಕೇಳೂದಿಲ್ಲ."

ಅವ್ವ ಮೆಲ್ಲಗೆ ಈ ಕಡೆ ಹೊರಳಿದಳು. ಹನ್ನೊಂದು ದಿನಗಳಲ್ಲಿ ನಾನು ಆಕೆಯ ಮುಖವನ್ನು ಪೂರ್ತಿ ಕಂಡದ್ದು ಆಗಲೇ.

ಹೂವಿನ ನೀರನ್ನೂ ದೊಡ್ಡವ್ವನೇ ಮಾಡಿ ತರುತ್ತಿದ್ದಳು. ಬೆಟ್ಟದ ಹೂ ನಮ್ಮಲ್ಲಿ ಎಲ್ಲಿಂದ ಬರಬೇಕು? ಎರೆ ಹೊಲದಲ್ಲಿ ಆಗಷ್ಟೇ ಅರಳತೊಡಗಿದ್ದ ಕುಸುಬೆಯ ಹಳದಿ ಹೂಗಳನ್ನು ಗಾಜಿನ ಬೋಗುಣಿಯ ನೀರಿನಲ್ಲಿ ತೇಲಿಬಿಟ್ಟು, ಬಿಸಿಲಿಗೆ ಇಟ್ಟು, ಮಧ್ಯಾಹ್ನಕ್ಕೆ ಸೋಸಿ, ಅವ್ವನಿಗೆ ನಾಲ್ಕು ಚಮಚ ಕುಡಿಸುತ್ತಿದ್ದಳು. ಎಣ್ಣೆಯ ಬಾಟಲಿ ನಮ್ಮ ಮನೆಯ ಗೂಡಿನಲ್ಲೇ ಇರುತ್ತಿತ್ತು.

ಅದೇ ತಪ್ಪಾಯಿತು. ಅಂಥ ವಸ್ತು ಮನೆಯಲ್ಲಿದ್ದರೆ ನನ್ನಂಥವಳು ಸುಮ್ಮನಿರುತ್ತಾಳೆಯೇ? ನಾಲ್ಕನೆಯ ದಿನ ಬಾಟಲಿಯನ್ನು ಶಾಲೆಗೆ ಒಯ್ದೆ. ಇದು ಹಿಮಾಲಯದ ಎಣ್ಣೆ, ಗಿಡವನ್ನು ಹುಲಿ ಕಾಯುತ್ತದೆ, ಹುಲಿ ನಿದ್ದೆ ಹೋದಾಗ ಮಿಲ್ಟ್ರಿಯವರು ತೆವಳಿಕೊಂಡು ಹೋಗಿ ತರುತ್ತಾರೆ, ಒಮ್ಮೆ ಮೂಸಿದರೆ ಗಣಿತದಲ್ಲಿ ಹತ್ತು ಅಂಕ ಹೆಚ್ಚು ಎಂದೆ. ಹುಡುಗಿಯರು ಸಾಲು ಹಚ್ಚಿ ಮೂಸಿದರು. ಕೊನೆಗೆ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಲು ಮರೆತೆ. ಮಧ್ಯಾಹ್ನದ ಹೊತ್ತಿಗೆ ಎಣ್ಣೆಯನ್ನೆಲ್ಲ ನನ್ನ ಪಾಟಿಚೀಲ ಕುಡಿದಿತ್ತು. ತರಗತಿಗೆ ಬಂದ ಟೀಚರು ಬಾಗಿಲಲ್ಲೇ ನಿಂತು, "ಇದು ಸಾಲಿನೋ ದವಾಖಾನಿನೋ?" ಎಂದರು. ಆ ವರ್ಷದ ಸಮಾಜ ಪುಸ್ತಕಕ್ಕೆ ಇವತ್ತಿಗೂ ಗೆದ್ದಲು ಹತ್ತಿಲ್ಲ.

ಮನೆಗೆ ಬಂದು ಬಚ್ಚಲಿನಲ್ಲಿದ್ದ ಫಿನಾಯಿಲನ್ನು ಆ ಬಾಟಲಿಗೆ ತುಂಬಿಟ್ಟೆ. ಅದರ ಮೇಲೂ ಪೈನ್ ಮರದ ಚಿತ್ರವಿತ್ತು, ವಾಸನೆಯೂ ಹತ್ತಿರ ಹತ್ತಿರ ಅದೇ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮರುದಿನ ದೊಡ್ಡವ್ವ ಬಿಸಿನೀರಿಗೆ ಎರಡು ಹನಿ ಬಿಟ್ಟಳು. ನೀರು ಹಾಲಿನಂತೆ ಬೆಳ್ಳಗಾಯಿತು.

"ಅಯ್ಯ ಶಿವನ! ನೀರು ಹಾಲಾತು!" ಅಜ್ಜಿ ಎರಡೂ ಕೈ ಮುಗಿದಳು. "ತಾಯಿ ಒಲದ್ಲು! ಲೇ, ಊದಿನಕಡ್ಡಿ ತಾ!"

ದೊಡ್ಡವ್ವ ಬೋಗುಣಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸೆರಗಿನಿಂದ ಬೋಗುಣಿ ಮುಚ್ಚಿ ಎತ್ತಿಕೊಂಡು, "ನೀರು ಸರಿ ಕಾದಿಲ್ರಿ ಅತ್ತಿ" ಎಂದು ಬಚ್ಚಲಿಗೆ ಹೋಗಿ ಚೆಲ್ಲಿದಳು. ಮೂರು ಸಲ ತಿಕ್ಕಿ ತೊಳೆದಳು. ನಾನು ಹಿಂದೆ ನಿಂತಿದ್ದೆ. ಆ ಹೊತ್ತು ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.

"ಎಲ್ಲಾ ಹೋತೇನು?"

"ಹೂಂ."

"ಎಲ್ಲಿ ಚೆಲ್ಲಿದಿ?"

"ಪಾಟಿಚೀಲದಾಗ."

"ತಾ ಇಲ್ಲಿ."

ತಂದುಕೊಟ್ಟೆ. ಬೈಯುತ್ತಾಳೆ, ಚೀಲದಿಂದಲೇ ಬಡಿಯುತ್ತಾಳೆ ಎಂದುಕೊಂಡಿದ್ದೆ. ದೊಡ್ಡವ್ವ ಚೀಲದ ಬಾಯಿ ತೆರೆದು ಅದರೊಳಗೆ ಮುಖ ಇಟ್ಟಳು. ಬಹಳ ಹೊತ್ತು ಹಾಗೆಯೇ ಇದ್ದಳು…

"ರಜಾ ಮ್ಯಾಲ ಬಂದಾಗ ಅವರ ಟ್ರಂಕು ತಗದ್ರ ಹಿಂಗ ವಾಸನಿ ಬರತಿತ್ತು. ಅವರು ತಂದ ಕಡೀ ಬಾಟ್ಲಿ ಅದು."

ನಾನು ಅಳತೊಡಗಿದೆ. ನನ್ನದು ಸಣ್ಣ ಅಳುವಲ್ಲ, ಗಂಗಾವತಿಯ ರೈಸ್ ಮಿಲ್ಲಿನ ಸದ್ದು. ದೊಡ್ಡವ್ವ ನನ್ನ ಬಾಯಿಗೆ ಅಂಗೈ ಒತ್ತಿದಳು.

"ಎಣ್ಣಿಗಿ ಅಳಬ್ಯಾಡ ಬಾಯಬಡಕಿ. ನಿಮ್ಮವ್ವನ ಮೂಗಿಗಿ ಫಿನಾಯಿಲ್ ಹಿಡದಿದ್ದಿಯಲ್ಲ, ಅದಕ್ಕ ಅಳು. ಮತ್ತ ಹಿಂಗ ಮಾಡಬ್ಯಾಡ."

ಯಾರಿಗೂ ಹೇಳಲಿಲ್ಲ ಆಕೆ. ಒಳಗೆ ಹೋಗಿ ಅವ್ವನ ಹಾಸಿಗೆಯ ಪಕ್ಕ ಕುಳಿತು, "ಎಣ್ಣಿ ತೀರೇತಿ ತಂಗಿ. ಇನ್ನ ಹೂವಿನ ನೀರಷ್ಟ. ಆದ್ರ ಇನ್ನ ಮ್ಯಾಲ ಕುಡಿಯೋರ ಹೋಗಿ ಹೂ ಹರೀಬೇಕು. ನನ್ನ ಮಣಕಾಲು ನಡೀವಲ್ವು" ಎಂದಳು. ಮೊಣಕಾಲಿನ ಮಾತು ಶುದ್ಧ ಸುಳ್ಳು. ಆಕೆ ಮರುದಿನ ನಮ್ಮಿಬ್ಬರಿಗಿಂತ ಮುಂದೆ ನಡೆದಳು.

ಕುಸುಬೆ ಗಿಡಕ್ಕೆ ಮೈಯೆಲ್ಲ ಮುಳ್ಳು. ಇಬ್ಬನಿ ಆರುವ ಮೊದಲು ಮಾತ್ರ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆ, ಹಾಗಾಗಿ ಹೊತ್ತು ಹುಟ್ಟುವಷ್ಟರಲ್ಲಿ ಹೊಲದಲ್ಲಿರಬೇಕು. ದೊಡ್ಡವ್ವ ದಿನಾ ಬಂದು ಅವ್ವನನ್ನು ಎಬ್ಬಿಸಿ, ತನ್ನ ಮೈಮೇಲಿದ್ದ ಸ್ವೆಟರ್ ತೆಗೆದು ಆಕೆಗೆ ತೊಡಿಸುತ್ತಿದ್ದಳು. ಮೊದಲ ದಿನ ಅವ್ವ ಬದುವಿನ ಮೇಲೆ ಸುಮ್ಮನೆ ಕುಳಿತಳು. ಎರಡನೆಯ ದಿನ ಒಂದೇ ಒಂದು ಹೂ ಹರಿದಳು. ಐದನೆಯ ದಿನ ಕೈಗೆ ಮುಳ್ಳು ಚುಚ್ಚಿ, "ಸರಿ ಆಕಡೆ, ಎಮ್ಮಿ ನಿಂತಂಗ ನಿಂತಾಳ!" ಎಂದು ನನಗೆ ಬೈದಳು. ಎರಡು ತಿಂಗಳಲ್ಲಿ ಅವ್ವ ನನಗೆ ಬೈದದ್ದು ಅದೇ ಮೊದಲು. ಕೈಯಲ್ಲಿ ಪೇಡೆ ಇದ್ದಿದ್ದರೆ ಹೊಲದ ಗುಬ್ಬಿಗಳಿಗೆಲ್ಲ ಹಂಚುತ್ತಿದ್ದೆ.

ಮನೆಗೆ ಬಂದ ಮೇಲೆ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟ ಬೋಗುಣಿಗೆ ಕಾಗೆ ಬಾಯಿ ಹಾಕದಂತೆ ಯಾರಾದರೂ ಕಾಯಬೇಕಿತ್ತು. ಆ ಕೆಲಸವೂ ಅವ್ವನಿಗೇ. ಹೂವಿನ ಪಕ್ಕ ಅವ್ವನೂ ಮೂರು ತಾಸು ಬಿಸಿಲಿನಲ್ಲಿ ಇರುತ್ತಿದ್ದಳು. ದೊಡ್ಡವ್ವ ಎದುರು ಕುಳಿತು ಅಕ್ಕಿ ಆರಿಸುತ್ತಿದ್ದಳು.

ಎಳ್ಳು ಅಮಾವಾಸ್ಯೆಯ ಹಿಂದಿನ ದಿನ ಅವ್ವ ತಲೆ ಬಾಚಿಕೊಂಡು ಸಜ್ಜೆಯ ರೊಟ್ಟಿ ಬಡಿಯಲು ಕುಳಿತಳು. ನಡುವೆ ಎರಡು ಸಲ ಕೈ ನಿಲ್ಲಿಸಿ ಬೆಂಕಿ ನೋಡುತ್ತ ಕುಳಿತುಬಿಟ್ಟಳು. ಮತ್ತೆ ಬಡಿದಳು. ಮರುದಿನ ಬುಟ್ಟಿ ಹೊತ್ತು ಹೊಲಕ್ಕೆ ಬಂದಳು. ಊಟಕ್ಕೆ ಕುಳಿತಾಗ ಅಜ್ಜಿ ಒಂದು ತುಂಡು ಮುರಿದು, "ರೊಟ್ಟಿ ದಪ್ಪ ಆಗ್ಯಾವು. ಬರೂ ವರ್ಷ ತೆಳ್ಳಗ ಮಾಡು" ಎಂದಳು. ಬರುವ ವರ್ಷ! ಅಪ್ಪ ತಲೆ ತಗ್ಗಿಸಿ ನಕ್ಕ. ತವರಿನ ಮಾತು ಮತ್ತೆ ಏಳಲಿಲ್ಲ.

ಹೂವಿನ ನೀರಿನಿಂದಲೇ ಹೀಗಾಯಿತೇ ಎಂದು ಆಮೇಲೆ ಕೇಳಿದ್ದೆ. "ಯಾರಿಗಿ ಗೊತ್ತು?" ಎಂದಳು ದೊಡ್ಡವ್ವ. "ಚಳಿಗಾಲದಾಗ ಏಳಾಕ ಮನಷ್ಯಾಗ ಒಂದು ನೆಪ ಬೇಕು. ಉಳದಿದ್ದಕ್ಕ ಡಾಕ್ಟರ್ ಅದಾರ." ಅಪ್ಪನ ಬೆನ್ನುಹತ್ತಿ ಅವ್ವನನ್ನು ಕೊಪ್ಪಳದ ಡಾಕ್ಟರಿಗೆ ತೋರಿಸಿದವಳೂ ಆಕೆಯೇ. ಅವರು ಕೊಟ್ಟ ಗುಳಿಗೆಗಳು ಈಗಲೂ ನಡೆದಿವೆ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ದೊಡ್ಡವ್ವನಿಗೆ ಜ್ವರ ಬಂತು. ನಾಲ್ಕನೆಯ ದಿನ ಹೋಗಿಬಿಟ್ಟಳು. ಅಷ್ಟು ಮಾತಾಡುವ ನಾನು, ತಪ್ಪಾಯಿತು ಎಂಬ ಒಂದು ಮಾತನ್ನು ಆಕೆಗೆ ಹೇಳಿರಲಿಲ್ಲ. ದಿನಾ ಕಾಣುವವಳು, ಯಾವಾಗಲಾದರೂ ಹೇಳಿದರಾಯಿತು ಎಂದುಕೊಂಡಿದ್ದೆ… ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಒಳ್ಳೆಯವರೇ. ಆದರೆ ಅವರು ಕೂಗಿದರೆ ಯಾವ ಬಸ್ಸೂ ನಿಲ್ಲುವುದಿಲ್ಲ.

ಈ ವರ್ಷ ಚಳಿ ಬೇಗ ಬಂದಿದೆ. ಅವ್ವ ಐದಾರು ದಿನಗಳಿಂದ ಮಾತು ಕಡಿಮೆ ಮಾಡಿದ್ದಾಳೆ. ಇವತ್ತು ಬೆಳಕು ಹರಿಯುವ ಮೊದಲು ಆಕೆಯ ಹಾಸಿಗೆಯ ಬಳಿ ಹೋಗಿ, ಕಾಲೇಜಿನ ಪ್ರಾಜೆಕ್ಟಿಗೆ ಕುಸುಬೆ ಹೂ ಬೇಕು, ಒಬ್ಬಳೇ ಹೋಗಲು ಹೆದರಿಕೆ ಎಂದೆ. ನಾನು ಹೆದರುತ್ತೇನೆಂದರೆ ನಮ್ಮ ಎಮ್ಮೆಯೂ ನಂಬುವುದಿಲ್ಲ. ಅವ್ವ ನನ್ನ ಮುಖವನ್ನೇ ನೋಡಿದಳು. ಎದ್ದು ಬಂದಳು.

ಹೊಲದಲ್ಲಿ ಹೂ ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ, ಬರೀ ಮೊಗ್ಗು. ಇಬ್ಬರೂ ಬದುವಿನ ಮೇಲೆ ಕುಳಿತೆವು. ಇಂಥ ಹೊತ್ತಿಗೆ ದೊಡ್ಡವ್ವ ಏನು ಹೇಳುತ್ತಿದ್ದಳೋ, ನನಗೆ ಏನೂ ಹೊಳೆಯಲಿಲ್ಲ.

"ಯಾಕವಾ, ಬಾಯಿ ಸತ್ತೈತೇನು? ಮೈಯಾಗ ಆರಾಮಿಲ್ಲೇನು?" ಎಂದು ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

"ಆರಾಮ ಅದೀನಿ. ದೊಡ್ಡವ್ವ ಇರಬೇಕಿತ್ತು."

ಅವ್ವ ಹೂಂ ಎಂದಳು. ಬಿಸಿಲು ನಮ್ಮ ಕಾಲಿನವರೆಗೆ ಬಂತು. ಆಮೇಲೆ ಸೀರೆಯ ಮಣ್ಣು ಕೊಡವಿ ಎದ್ದು, ಎರಡು ಹೆಜ್ಜೆ ಹೋಗಿ, ತಿರುಗಿ ನೋಡದೆಯೇ ಅಂದಳು:

"ನಾಳೆ ನಾ ಒಲ್ಲೆ ಅಂದ್ರೂ ಬಿಡಬ್ಯಾಡ. ಎಬ್ಬಸು."